ನಾಕ್ ಆಫ್ ಅಂದ್ರೆ ನಾಲ್ಕು ಹಾಫ್ ಚಹಾ ಅಲ್ಲ

ಕಲಬುರಗಿಯಲ್ಲಿ ಒಂದು ಭಾನುವಾರ ಕಾಲೇಜು ಹುಡುಗ ಹುಡುಗಿಯರು, ಕೆಲವು ಮೇಷ್ಟ್ರುಗಳು, ಅವರ ಮನೆಯವರು ಸೇರಿದ್ದ ಕೂಟದಲ್ಲಿ ನಾನು ಆಡಿದ ಮಾತು ಇದು. ಬರೆಯುವಾಗ ಮೈಕಿನ ಗೊರಗೊರ ಮತ್ತು ನಡುವೆ ಎರಡು ಸಲ ಹೋದ ಕರೆಂಟನ್ನು ಬಿಟ್ಟಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ.

ಈ ಕಾರ್ಯಕ್ರಮದ ಆಮಂತ್ರಣ ವಾಟ್ಸಾಪಿನಲ್ಲಿ ಬಂದಾಗ ನಮ್ಮ ಕಾಕಾ ಪಕ್ಕದಲ್ಲೇ ಕೂತಿದ್ದರು. ವಿಷಯವನ್ನು ನೀವು ಕನ್ನಡ ಅಕ್ಷರದಲ್ಲೇ ಬರೆದಿದ್ದಿರಿ, 'ನಾಕ್ ಆಫ್' ಅಂತ. ಕಾಕಾ ಚಷ್ಮಾ ಮೇಲೆ ಸರಿಸಿ ಓದಿದರು. "ನಾಕ್ ಹಾಫಾ? ಬರೀ ಚಾ ಕುಡಸ್ಲಾಕ ಇಷ್ಟ ದೊಡ್ಡ ಪ್ರೋಗ್ರಾಂ ಮಾಡ್ಯಾರೇನು?" ಅಂದರು.

ನಮ್ಮ ಕಡೆ ನಾಲ್ಕಕ್ಕೆ ನಾಕು. ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನ ಯಾವ ಚಹಾ ಅಂಗಡಿ ಮುಂದೆ ನಿಂತು 'ನಾಕ್ ಹಾಫ್' ಅಂದರೂ ನಾಲ್ಕು ಅರ್ಧ ಗ್ಲಾಸು ಚಹಾ ಬರುತ್ತವೆ. ಹಾಗಾಗಿ ಕಾಕಾ ತಪ್ಪು ಓದಿದರು ಅಂತ ನಾನು ಹೇಳಲಾರೆ. ಅವರು ಚಹಾದಂಗಡಿಯ ಅರ್ಥ ತಗೊಂಡರು, ಅಷ್ಟೇ. ನಾನು ಇದೇ ಮಾತಿಗೆ ಒಮ್ಮೆ ಬೇರೆಯೇ ಅರ್ಥ ತಗೊಂಡು ಪೇಚಿಗೆ ಸಿಕ್ಕಿದ್ದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನನ್ನದು ಅನುವಾದದ ಕೆಲಸ. ಕಥೆ ಕಾದಂಬರಿ ಅಲ್ಲ. ಲೇಬಲ್ಲು, ನೋಟಿಸು, ಮಿಕ್ಸರ್ ಜೊತೆ ಬರುವ ಯಾರೂ ಓದದ ಪುಸ್ತಿಕೆ, ಇಂಥವು. ಕೆಲವು ವರ್ಷದ ಹಿಂದೆ, ಬೆನ್ನಿಗೆ ಕಟ್ಟಿಕೊಂಡು ಹೊಲಕ್ಕೆ ಔಷಧ ಹೊಡೆಯುವ ಪಂಪಿನ ಕೈಪಿಡಿ ಬಂತು. ಹದಿನಾರು ಪುಟ. ಹದಿನೈದು ಮುಗಿಸಿ ಕಳಿಸಿದ್ದೆ. ರಾತ್ರಿ ಎಂಟರ ಹೊತ್ತಿಗೆ ಆ ಕಡೆಯಿಂದ ಒಂದೇ ಸಾಲಿನ ಮೇಲ್: 'ಕ್ಯಾನ್ ಯೂ ನಾಕ್ ಆಫ್ ದ ಲಾಸ್ಟ್ ಪೇಜ್ ಟುನೈಟ್?'

ಓದಿ ಖುಷಿಯಾಯಿತು. ಬಿಲ್ಲಿನಲ್ಲಿ ನೂರು ರೂಪಾಯಿ ನಾಕ್ ಆಫ್ ಮಾಡಿದರು ಅಂದರೆ ನೂರು ರೂಪಾಯಿ ಕಳೆದರು ಅಂತ ನನಗೆ ಗೊತ್ತಿತ್ತು. ಕೊನೆಯ ಪುಟ ನಾಕ್ ಆಫ್ ಅಂದರೆ ಆ ಪುಟ ಕಳೆಯಬೇಕು, ತೆಗೆದುಹಾಕಬೇಕು. ಒಂದು ಪುಟದ ಕೆಲಸ ಉಳಿಯಿತಲ್ಲ ಅಂತ ಅದನ್ನು ತೆಗೆದೆ, ಪುಟಸಂಖ್ಯೆ ಸರಿ ಮಾಡಿದೆ, 'ಡನ್' ಅಂತ ಬರೆದು ಕಳಿಸಿ ಮಲಗಿಬಿಟ್ಟೆ.

ಬೆಳಿಗ್ಗೆ ಫೋನು. ಕೊನೆಯ ಪುಟ ಎಲ್ಲಿ? ಅವರು ಹೇಳಿದ್ದು, 'ಆ ಒಂದು ಪುಟ ಇವತ್ತು ರಾತ್ರಿ ಬೇಗ ಮುಗಿಸಿ ಕೊಡ್ತೀರಾ' ಅಂತ. ನಾಕ್ ಆಫ್ ಅಂದರೆ ಜಾಸ್ತಿ ತಲೆ ಕೆಡಿಸಿಕೊಳ್ಳದೆ ಚಕಚಕ ಮುಗಿಸುವುದು ಅಂತಲೂ ಇದೆ. ನಾನು ತೆಗೆದುಹಾಕಿದ ಪುಟದಲ್ಲಿ ಏನಿತ್ತು ಗೊತ್ತಾ? ಕೈಗವಸು ಹಾಕಿಕೊಳ್ಳಿ, ಗಾಳಿಗೆ ಎದುರಾಗಿ ಹೊಡೆಯಬೇಡಿ, ಔಷಧ ಕಣ್ಣಿಗೆ ಬಿದ್ದರೆ ಏನು ಮಾಡಬೇಕು, ಎಲ್ಲ ಅದರಲ್ಲೇ. ಪುಣ್ಯಕ್ಕೆ ಅಚ್ಚಿಗೆ ಹೋಗಿರಲಿಲ್ಲ.

ಅವರ ಇಂಗ್ಲಿಷ್ ಸರಿಯಾಗಿತ್ತು. ನನ್ನ ಇಂಗ್ಲಿಷೂ ಸರಿಯಾಗಿತ್ತು. ಎಡವಟ್ಟು ಆಗಿದ್ದು ನಡುವೆ.

ಈಗ ಮಾತನ್ನು ಸ್ವಲ್ಪ ಬಿಚ್ಚಿ ನೋಡೋಣ. ನಾಕ್ ಅಂದರೆ ತಟ್ಟು, ಬಡಿ. ಬರೆಯುವಾಗ ಮೊದಲಿಗೆ ಒಂದು 'ಕೆ' ಇದೆ, ಬಾಯಲ್ಲಿ ಬರುವುದಿಲ್ಲ. ಒಂದು ಕಾಲಕ್ಕೆ ಬರುತ್ತಿತ್ತು. ಹಳೆಯ ಇಂಗ್ಲಿಷಿನಲ್ಲಿ ಅದು 'ಕ್ನೋಕಿಯನ್'. ಮೊಣಕಾಲಿನ 'ನೀ', ಚಾಕುವಿನ 'ನೈಫ್' ಇವುಗಳಲ್ಲೂ ಅದೇ ಕಥೆ. ಜರ್ಮನ್ನರು ಈಗಲೂ ಮೊಣಕಾಲಿಗೆ 'ಕ್ನೀ' ಅನ್ನುತ್ತಾರೆ. ಇನ್ನು 'ಆಫ್' ನಮಗೇನು ಹೊಸದಲ್ಲ. ಫ್ಯಾನ್ ಆಫ್, ಮೂಡ್ ಆಫ್, ವಾರಕ್ಕೊಂದು ಆಫ್. ಇದು ಮತ್ತು ಒಂದೇ 'ಎಫ್' ಇರುವ 'ಆಫ್', ಎರಡೂ ಹುಟ್ಟಿನಲ್ಲಿ ಒಂದೇ ಶಬ್ದ. ಒತ್ತಿ ಹೇಳುವ ರೂಪ ಬೇರೆಯಾಗಿ ಎರಡು 'ಎಫ್' ಪಡೆಯಿತು. ಬೇರೆಯಾಗು, ದೂರ ಸರಿ, ಕಳಚು ಅನ್ನುವ ಭಾವ ಅದರಲ್ಲಿದೆ.

ತಟ್ಟು, ಕಳಚು. ಎರಡನ್ನೂ ಜೋಡಿಸಿದರೆ ಮೊದಲ ಅರ್ಥ ಸುಲಭ. ಬೆಕ್ಕು ಮೇಜಿನ ಮೇಲಿನ ಲೋಟಕ್ಕೆ ಬಡಿದು ಕೆಳಗೆ ಬೀಳಿಸಿತು, ನಾಕ್ ಆಫ್. ಇಲ್ಲಿಗೆ ಎಲ್ಲರೂ ಪಾಸು. ಇದರಾಚೆ ಶುರುವಾಗುತ್ತದೆ ನೋಡಿ ಮಜಾ. ಐದು ಗಂಟೆಗೆ ನಾಕ್ ಆಫ್ ಮಾಡಿದರು ಅಂದರೆ ಕೆಲಸ ಬಿಟ್ಟು ಹೊರಟರು. ಬ್ಯಾಂಕ್ ನಾಕ್ ಆಫ್ ಮಾಡಿದರು ಅಂದರೆ ದೋಚಿದರು. ಮನುಷ್ಯನನ್ನು ನಾಕ್ ಆಫ್ ಮಾಡಿದರು ಅಂದರೆ ಕಥೆ ಮುಗಿಸಿದರು. ಅಮೆರಿಕದ ಪತ್ರಿಕೆಯ ಆಟದ ಪುಟದಲ್ಲಿ ಸಣ್ಣ ತಂಡ ಚಾಂಪಿಯನ್ನರನ್ನು ನಾಕ್ ಆಫ್ ಮಾಡಿತು ಅಂತ ಇದ್ದರೆ ಯಾರೂ ಸತ್ತಿಲ್ಲ, ಸೋತಿದ್ದಾರೆ ಅಷ್ಟೇ. ಒಂದು ಗಂಟೆಯಲ್ಲಿ ಪ್ರಬಂಧ ನಾಕ್ ಆಫ್ ಮಾಡಿದ ಅಂದರೆ ಸರಸರ ಬರೆದು ಬಿಸಾಕಿದ. ಫುಟ್‌ಪಾತಿನಲ್ಲಿ ಸಿಗುತ್ತಲ್ಲ, ದೊಡ್ಡ ಕಂಪನಿ ಹೆಸರಲ್ಲಿ ಒಂದಕ್ಷರ ಆಚೀಚೆ ಮಾಡಿದ ಬೂಟು, ನಾವು 'ಫಸ್ಟ್ ಕಾಪಿ' ಅಂತೀವಿ, ಅದು ನಾಕಾಫ್. ಹೀಗೆ ವಸ್ತುವಿನ ಹೆಸರಾದಾಗ ಒತ್ತು 'ನಾಕ್' ಮೇಲೆ ಬೀಳುತ್ತದೆ. ಕ್ರಿಯೆಯಾದಾಗ 'ಆಫ್' ಮೇಲೆ. ಇನ್ನೊಂದು ಅರ್ಥ ಬ್ರಿಟನ್ನಿನಲ್ಲಿದೆ. ನಮ್ಮ 'ಲೈನ್ ಹೊಡಿ' ಇದೆಯಲ್ಲ, ಅದಕ್ಕಿಂತ ಬಹಳ ಮುಂದೆ ಹೋದದ್ದು. ಮೇಷ್ಟ್ರುಗಳು ಕೂತಿದ್ದಾರೆ, ಮುಂದೆ ಹೋಗೋಣ.

(ಇಲ್ಲಿ ಹಿಂದಿನ ಸಾಲಿನಿಂದ ನಗು ಬಂತು. ನಾನು ಕೇಳಿದೆ: 'ಲೈನ್ ಹೊಡಿ ಅಂದಕೂಡ್ಲೇ ತಿಳೀತು. ಯಾವ ನಿಘಂಟು ನೋಡಿದ್ರಿ?')

ಇದೇ ನಾನು ಹೇಳಬೇಕು ಅಂತ ಬಂದ ಮಾತು. ಇಂಗ್ಲಿಷಿನವರು ಒಂದು ಮಾತಿಗೆ ಹತ್ತು ಅರ್ಥ ಇಟ್ಟು ನಮ್ಮನ್ನು ಸತಾಯಿಸುತ್ತಾರೆ ಅಂತ ನೀವು ಗೊಣಗುತ್ತೀರಿ. ನೀವು ಬೆಳಿಗ್ಗೆ ಎದ್ದಾಗಿನಿಂದ 'ಹೊಡಿ' ಅನ್ನುವ ಒಂದೇ ಮಾತಿನಲ್ಲಿ ಎಷ್ಟು ಕೆಲಸ ಮಾಡುತ್ತೀರಿ ಲೆಕ್ಕ ಹಾಕಿದ್ದೀರಾ? ಹೇಳಿ, ನಾನು ಬೋರ್ಡಿನ ಮೇಲೆ ಬರೆಯುತ್ತೇನೆ.

(ಹುಡುಗರು ಕೂಗಿದ್ದನ್ನು ಬರೆದುಕೊಂಡಿದ್ದೆ. ಗೊರಕೆ ಹೊಡಿ, ಹರಟೆ ಹೊಡಿ, ಗಾಡಿ ಟೈರಿಗೆ ಗಾಳಿ ಹೊಡಿ, ಗೋಡೆಗೆ ಬಣ್ಣ ಹೊಡಿ, ಮೊಳೆ ಹೊಡಿ, ಊರೆಲ್ಲ ಸುತ್ತು ಹೊಡಿ, ಸೀಟಿ ಹೊಡಿ, ಕ್ಲಾಸಿಗೆ ಚಕ್ಕರ್ ಹೊಡಿ, ಸೆಂಚುರಿ ಹೊಡಿ, ಕಾಪಿ ಹೊಡಿ. ಹಳ್ಳಿಯಿಂದ ಬರುವ ಒಬ್ಬ ಹುಡುಗಿ, ಕುಂಟಿ ಹೊಡಿ, ಗಳೆ ಹೊಡಿ, ದನ ಹೊಡಕೊಂಡು ಬಾ ಅಂದಳು. ಕೊನೆಗೆ ಒಬ್ಬ ಎದ್ದು ನಿಂತು 'ಎಣ್ಣಿ ಹೊಡಿ' ಅಂದ. ಸಭೆ ಹೋ ಅಂದಿತು.)

ನೀವು ನಗುತ್ತಿರುವುದು ಒಂದು ಎಣ್ಣಿಗೆ. ಆದರೆ ಕಾರ್ತಿಕದ ಹೊತ್ತಿಗೆ ತೊಗರಿ ಹೂ ಬಿಟ್ಟಾಗ ಕಾಯಿಕೊರಕ ಹುಳ ಬೀಳುತ್ತದಲ್ಲ, ಆಗ ನಮ್ಮ ಕಾಕಾ 'ನಾಳಿ ಎಣ್ಣಿ ಹೊಡೀಬೇಕು' ಅಂದರೆ ಮನೆಯಲ್ಲಿ ಯಾರೂ ನಗುವುದಿಲ್ಲ. ಕಾಕಿ ಬುತ್ತಿ ಕಟ್ಟುತ್ತಾಳೆ. ಅದೇ ಮಾತನ್ನು ಕಾಕಾ ಸಂಜೆ ಏಳಕ್ಕೆ, ಗೆಳೆಯನ ಬೈಕ್ ಬಾಗಿಲಿಗೆ ಬಂದು ನಿಂತಾಗ ಅಂದರೆ, ಕಾಕಿ ಮುಖ ಬೇರೆ ಇರುತ್ತದೆ. ಮಾತು ಅದೇ, ಬಾಯಿ ಅದೇ. ಹೊತ್ತು ಬೇರೆ.

ಆ ಪಂಪಿನ ಕೈಪಿಡಿಯಲ್ಲಿ ನಾನು ಎಲ್ಲ ಕಡೆ 'ಸಿಂಪಡಿಸಿ' ಅಂತ ಬರೆದಿದ್ದೆ. ಕಾಕಾನ ಕೈಗೆ ಕೊಟ್ಟು ಓದಿಸಿದೆ. "ಸಿಂಪಡಿಸಿ ಅಂದ್ರ ಮದುವಿ ಮನ್ಯಾಗ ಪನ್ನೀರು ಹಾಕಿದಂಗ ಅನಸ್ತದ. ಹುಳ ಸಾಯಬೇಕೋ, ಊಟಕ್ಕ ಕೂಡಬೇಕೋ?" ಅಂತ ಕೇಳಿದರು. ಮುಂದಿನ ಕೈಪಿಡಿಯಲ್ಲಿ 'ಹೊಡೆಯಿರಿ' ಅಂತಲೇ ಬರೆದೆ.

ಈಗ ಬೋರ್ಡಿನ ಎರಡೂ ಕಡೆ ನೋಡಿ. ಇಂಗ್ಲಿಷಿನ ನಾಕ್ ಆಫ್, ನಕಲು ಮಾಡು. ನಮ್ಮದು ಕಾಪಿ ಹೊಡಿ. ಅವರದು ದೋಚು. ನಮ್ಮಲ್ಲಿ 'ಸೊಸೈಟಿ ರೊಕ್ಕ ಹೊಡದಾನ'. ಅವರದು ಕೊಲ್ಲು. ನಮ್ಮದು ಹೊಡೆದು ಹಾಕು. ಅವರದು ಆಟದಲ್ಲಿ ಸೋಲಿಸು. ನಾವೂ 'ಫೈನಲ್ಲಿನಾಗ ಅವರಿಗಿ ಹೊಡದೀವಿ' ಅನ್ನುತ್ತೇವೆ. ಇಂಗ್ಲೆಂಡಿಗೂ ಕಲಬುರಗಿಗೂ ನಡುವೆ ಯಾರೂ ಕೂತು ಮಾತಾಡಿಕೊಂಡಿಲ್ಲ. ಕೈ ಬೀಸಿ ಹೊಡೆಯುವುದು ಮನುಷ್ಯನ ತೀರ ಹಳೆಯ ಕೆಲಸ. ಅದರ ಹೆಸರನ್ನೇ ಎಲ್ಲ ಕಡೆ ಎಳೆದು ತಂದು ಬೇರೆ ಕೆಲಸಕ್ಕೂ ಹಚ್ಚಿದ್ದಾರೆ ಅಂತ ನನಗನ್ನಿಸುತ್ತದೆ.

ಎಲ್ಲ ಕಡೆ ಅಂದೆ. ದೂರ ಹೋಗಬೇಕಿಲ್ಲ. ನಮ್ಮ ಊರು 1948ರ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಇಲ್ಲಿ ಒಂದೇ ಓಣಿಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಕಿವಿಗೆ ಬೀಳುತ್ತವೆ. ಒಂದು ಸಣ್ಣ ಪರೀಕ್ಷೆ ಮಾಡೋಣ. ಒಂದು ಕಣ್ಣು ಮುಚ್ಚಿ ತೆರೆದು ಸನ್ನೆ ಮಾಡುವುದಕ್ಕೆ ಏನಂತೀರಿ? ಕಣ್ಣು ಹೊಡಿ. ಉರ್ದುವಿನಲ್ಲಿ? ಆಂಖ್ ಮಾರನಾ. ಮರಾಠಿಯಲ್ಲಿ? ಡೋಳಾ ಮಾರಣೆ. ತೆಲುಗಿನಲ್ಲಿ? ಕನ್ನು ಕೊಟ್ಟು. ನಾಲ್ಕಕ್ಕೆ ನಾಲ್ಕೂ ಹೊಡೆದವು! ಕಣ್ಣಿಗೆ ಯಾರಾದರೂ ಹೊಡೆಯುತ್ತಾರಾ? ಇಂಗ್ಲಿಷಿನವನು ಇದನ್ನು ಕಲಿಯಲು ಬಂದರೆ ಅವನೂ ನಮ್ಮ ಹಾಗೇ ತಲೆ ಹಿಡಿದುಕೊಂಡು ಕೂರುತ್ತಾನೆ. ಅವನಿಗೆ ಅಲ್ಲಿ ಹೊಡೆಯುವ ಗೋಜೇ ಇಲ್ಲ, 'ವಿಂಕ್' ಅಂತ ಒಂದೇ ಶಬ್ದ.

ಒಂದು ವ್ಯತ್ಯಾಸ ಮಾತ್ರ ಗಮನಿಸಿ. ನಮ್ಮ 'ಹೊಡಿ'ಗೆ ಅರ್ಥ ಬರುವುದು ಮುಂದೆ ಕೂತ ಶಬ್ದದಿಂದ. ಗಾಳಿ, ಬಣ್ಣ, ಹರಟೆ. ಇಂಗ್ಲಿಷಿನ 'ನಾಕ್' ಹಿಂದೆ ಬಾಲ ಕಟ್ಟಿಕೊಳ್ಳುತ್ತದೆ. ನಾಕ್ ಔಟ್ ಆದರೆ ಎಚ್ಚರ ತಪ್ಪುವಂತೆ ಹೊಡಿ. ನಾಕ್ ಡೌನ್ ಆದರೆ ಹರಾಜಿನಲ್ಲಿ ಸುತ್ತಿಗೆ ಬಡಿದು ಕೊಡುವುದೂ ಹೌದು. ಆದರೆ ಬಾಲ ನೋಡಿದರಷ್ಟೇ ಸಾಲದು. ನಾನು ಬಾಲ ನೋಡಿದ್ದೆ, ಅದಕ್ಕೇ ಪುಟ ಕಳೆದುಕೊಂಡೆ. ಏನನ್ನು ನಾಕ್ ಆಫ್ ಮಾಡುತ್ತಿದ್ದಾರೆ, ಯಾರು, ಯಾರಿಗೆ, ಎಷ್ಟು ಹೊತ್ತಿಗೆ ಹೇಳುತ್ತಿದ್ದಾರೆ, ಅದನ್ನು ನೋಡಬೇಕಿತ್ತು. ರಾತ್ರಿ ಎಂಟಕ್ಕೆ, 'ಇವತ್ತೇ' ಅಂತ ಗಡುವು ಹಾಕಿ, ಪುಟ ತೆಗೆಯಲು ಯಾರು ಹೇಳುತ್ತಾರೆ? ತೆಗೆಯುವುದಾದರೆ ಅವರೇ ತೆಗೆಯುತ್ತಿದ್ದರು. ಅರ್ಥ ಆ 'ಟುನೈಟ್'ನಲ್ಲಿ ಕೂತಿತ್ತು.

ಈ ಕಷ್ಟ ನಮ್ಮ ಒಬ್ಬರದೇ ಅಂದುಕೊಳ್ಳಬೇಡಿ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಮ್ಮ ದೊಡ್ಡ ಇಂಗ್ಲಿಷ್ ನಿಘಂಟು ತಂದಾಗ ಮುನ್ನುಡಿಯಲ್ಲೇ ಇದನ್ನು ಒಪ್ಪಿಕೊಂಡರು. ಕ್ರಿಯಾಪದಕ್ಕೆ ಸಣ್ಣ ಬಾಲ ಅಂಟಿಸಿ ಅರ್ಥ ಬದಲಿಸುವ ಈ ಚಾಳಿ ಹೊರಗಿನವರಿಗೆ ಅತಿ ಹೆಚ್ಚು ಕಷ್ಟ ಕೊಡುತ್ತದೆ ಅಂದರು. ಅವರು ಕೊಟ್ಟ ಉದಾಹರಣೆಗಳಲ್ಲಿ 'ಟೇಕ್ ಆಫ್' ಕೂಡ ಇದೆ, ಅದಕ್ಕೆ ಅವರು ಕೊಟ್ಟ ಅರ್ಥ ನಕಲು ಮಾಡು! ಈಗ ಟೇಕ್ ಆಫ್ ಅಂದರೆ ವಿಮಾನ. ಕಲಬುರಗಿಯಲ್ಲಂತೂ 2019ರಲ್ಲಿ ವಿಮಾನ ನಿಲ್ದಾಣ ಆದ ಮೇಲೆ ನಾವು ಅದನ್ನು ಕಣ್ಣಾರೆ ನೋಡಿದ್ದು. ಈ ಜಾತಿಯ ಮಾತುಗಳಿಗೆ 'ಫ್ರೇಸಲ್ ವರ್ಬ್' ಅನ್ನುವ ಹೆಸರು ಅಚ್ಚಿನಲ್ಲಿ ಬಂದಿದ್ದು ಬಹಳ ತಡ, 1925ರಲ್ಲಿ. ಬರೆದವರು ಲೋಗನ್ ಪಿಯರ್ಸಲ್ ಸ್ಮಿತ್. ಆ ಹೆಸರು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ. ಹೆಸರಿಡುವ ಮೊದಲೂ ಮಕ್ಕಳು ಬೆಳೆದಿದ್ದವು ಅನ್ನಿ.

ಬ್ರಿಟನ್ನಿನವರಿಗೂ ಅಮೆರಿಕದವರಿಗೂ ಈ ವಿಷಯದಲ್ಲಿ ಪೂರ್ತಿ ಹೊಂದಾಣಿಕೆ ಇಲ್ಲ. ಲಂಡನ್ನಿನಲ್ಲಿ 'ನಾಕ್ಡ್ ಆಫ್' ಗಡಿಯಾರ ಅಂದರೆ ಕದ್ದ ಮಾಲು ಇರಬಹುದು. ನ್ಯೂಯಾರ್ಕಿನ ನಾಕಾಫ್ ಗಡಿಯಾರ ನಕಲಿ ಮಾಲು. ಒಂದು ಅಸಲಿ, ಆದರೆ ಇನ್ನೊಬ್ಬರದು. ಇನ್ನೊಂದು ನಮ್ಮದೇ, ಆದರೆ ಅಸಲಿ ಅಲ್ಲ. ಇದರ ಅಣ್ಣ 'ನಾಕ್ ಅಪ್' ಇನ್ನೂ ಅಪಾಯ. ಬ್ರಿಟನ್ನಿನ ಹಳಬರಿಗೆ ಅದು ಬಾಗಿಲು ತಟ್ಟಿ ಎಬ್ಬಿಸುವುದು. ಅಲ್ಲಿನ ಗಿರಣಿ ಊರುಗಳಲ್ಲಿ 'ನಾಕರ್ ಅಪ್' ಅಂತ ಒಂದು ಉದ್ಯೋಗವೇ ಇತ್ತು. ಉದ್ದ ಕೋಲು ಹಿಡಿದು ಬೆಳಗಿನ ಜಾವ ಕಾರ್ಮಿಕರ ಮನೆ ಕಿಟಕಿ ತಟ್ಟಿ ಎಬ್ಬಿಸುವ ಕೆಲಸ. ಅಮೆರಿಕದಲ್ಲಿ ಒಬ್ಬ ಹೆಣ್ಣುಮಗಳಿಗೆ 'ನಾಳೆ ಆರಕ್ಕೆ ನಾಕ್ ಅಪ್ ಮಾಡುತ್ತೇನೆ' ಅಂದು ನೋಡಿ. ಅಲ್ಲಿ ಅದರ ಅರ್ಥ ಬಸುರಿ ಮಾಡು.

ನಮಗೂ ಇದು ಇದ್ದದ್ದೇ. ನಾವು ಫೋನ್ ಹಚ್ಚುತ್ತೇವೆ. ಟೀವಿ ಹಚ್ಚುತ್ತೇವೆ. ಮಕ್ಕಳನ್ನು ಸಾಲಿಗೆ ಹಚ್ಚುತ್ತೇವೆ. ಗಿಡ ಹಚ್ಚುತ್ತೇವೆ. ಬೆಂಗಳೂರಿಗೆ ಹೋದ ಹೊಸತರಲ್ಲಿ ಪಕ್ಕದ ಕೋಣೆಯವನಿಗೆ 'ರಾತ್ರಿ ಫೋನ್ ಹಚ್ಚತೀನಿ' ಅಂದೆ. ಅವನು 'ಯಾಕೋ, ಬೆಂಕಿ ಹಚ್ಚೋವಷ್ಟು ಏನಾಯ್ತು' ಅಂದ. ಇಬ್ಬರೂ ಕನ್ನಡದವರೇ ಅಲ್ವಾ?

ಬಳಸುವ ರೀತಿಯ ಬಗ್ಗೆ ಒಂದೆರಡು ಮಾತು ಹೇಳಿ ಬಿಡುತ್ತೇನೆ. 'ಹಂಡ್ರೆಡ್ ರುಪೀಸ್' ಅನ್ನುವುದನ್ನು ನಾಕ್ ಮತ್ತು ಆಫ್ ನಡುವೆಯೂ ಇಡಬಹುದು, ಆಮೇಲೂ ಇಡಬಹುದು. ಆದರೆ 'ಇಟ್' ಬಂದರೆ ಅದಕ್ಕೆ ನಡುವಿನ ಸೀಟೇ. ನಾಕ್ ಇಟ್ ಆಫ್. ಹೀಗೆ ಒಂಟಿಯಾಗಿ ಸಿಟ್ಟಿನಲ್ಲಿ ಬಂದಾಗ ಇದರ ಅರ್ಥ 'ಸಾಕ್ ಮಾಡು'. ರಿಮೋಟಿಗೆ ಜಗಳ ಆಡುವ ಮಕ್ಕಳಿಗೆ ಅವ್ವ ಹೇಳುವಂಥದ್ದು. ಇಲ್ಲಿ ನಮಗೆ ಒಂದು ತೊಡಕಿದೆ. ನಾವು ಏನೇ ಗದರಿದರೂ ಕೊನೆಗೊಂದು 'ರಿ' ಹಚ್ಚಿ ಪಾರಾಗುತ್ತೇವೆ. 'ಸಾಕ್ ಮಾಡ್ರಿ' ಅಂತ ಸಾಹೇಬರಿಗೂ ಹೇಳಬಹುದು. ನಾಕ್ ಇಟ್ ಆಫ್‌ಗೆ 'ರಿ' ಅಂಟುವುದಿಲ್ಲ. ಹಿಂದೆ 'ಪ್ಲೀಸ್', ಮುಂದೆ 'ಸರ್' ಏನೇ ಸೇರಿಸಿ, ಅದು ಒರಟೇ. ಗೆಳೆಯರಲ್ಲಿ ಇಟ್ಟುಕೊಳ್ಳಿ. ಅರ್ಜಿಯಲ್ಲಿ, ಪ್ರಬಂಧದಲ್ಲಿ, ಬಿಲ್ಲಿನಲ್ಲಿ ಬರೆಯಬೇಡಿ. ಬಿಲ್ಲಿಗೆ 'ಡಿಸ್ಕೌಂಟ್' ಇದೆ.

ಕೊನೆಗೆ, ಎರಡು ಕಡೆ ನಮ್ಮ 'ಹೊಡಿ' ಕೈ ಕೊಡುತ್ತದೆ ಅಂತ ಒಪ್ಪಿಕೊಳ್ಳಬೇಕು. ಒಂದು, ಕೆಲಸ ಬಿಡುವುದು. ಆ ಅರ್ಥ ಹೇಗೆ ಹುಟ್ಟಿತು ಅಂತ ಒಂದು ಕಥೆ ಓಡಾಡುತ್ತದೆ. ಹಳೆಯ ಹಡಗುಗಳಲ್ಲಿ ತಾಳಕ್ಕೆ ಸರಿಯಾಗಿ ಹುಟ್ಟು ಹಾಕುತ್ತಿದ್ದವರಿಗೆ ಮರದ ದಿಮ್ಮಿ ಬಡಿದು ವಿರಾಮದ ಸೂಚನೆ ಕೊಡುತ್ತಿದ್ದರಂತೆ. ಕೇಳಲು ಚಂದ. ಇಂಥ ಚಂದದ ಕಥೆಗಳನ್ನು ನಾನು ನಂಬುವುದಿಲ್ಲ. ಆದರೂ ಸಾಲಿ ಬಿಡುವಾಗ ನಮ್ಮಲ್ಲೂ 'ಗಂಟಿ ಹೊಡೀತು' ಅಂತಲೇ ಅಲ್ವಾ ಅನ್ನುವುದು. ಅದನ್ನು ಬೇಕಾದರೆ ಅರ್ಧ ಮಾರ್ಕಿಗೆ ತಗೊಳ್ಳಿ. ಎರಡನೆಯದು ಕಳೆಯುವುದು, ಮೊತ್ತದಿಂದ ಇಳಿಸುವುದು. ಹತ್ತು ರೂಪಾಯಿ ಬಿಡ್ರಿ ಅಂತೀವಿ, ಕಮ್ಮಿ ಮಾಡ್ರಿ ಅಂತೀವಿ. ಹತ್ತು ರೂಪಾಯಿ ಹೊಡೀರಿ ಅಂತ ಯಾವ ಅಂಗಡಿಯಲ್ಲೂ ಅನ್ನುವುದಿಲ್ಲ. ಇಲ್ಲಿ ಇಂಗ್ಲಿಷೇ ಗೆದ್ದಿತು ಅನ್ನೋಣ. ನಮಸ್ಕಾರ.

ಮಾತು ಇಲ್ಲಿಗೆ ಮುಗಿದಿತ್ತು. ಪ್ರಶ್ನೆ ಕೇಳಿ ಅಂದಾಗ ಮೊದಲು ಎದ್ದವರು ಕಾಲೇಜಿನವರಲ್ಲ. ಮೊಮ್ಮಗಳ ಜೊತೆ ಬಂದು ಬಾಗಿಲ ಬಳಿ ಕೂತಿದ್ದ ಒಬ್ಬ ಹಿರಿಯರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಟೊಪ್ಪಿಗೆ. ತೊಗರಿ ಬೆಳೆಯುವವರು. ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಇದು ಈ ನೆಲದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಬಂದಾಗ ಪೇಪರಿನಲ್ಲಿ ಓದಿ ಖುಷಿಪಟ್ಟವರು ನಾವು. ಬೆಳೆದವರು ಅವರು.

"ಸರ, ಒಂದ ಮಾತು," ಅಂದರು. "ನೀವು ಕಳಿಯಾದಕ್ಕ ಹೊಡಿ ಅನ್ನಂಗಿಲ್ಲ ಅಂದ್ರಿ. ಅಂತೀವ್ರಿ."

"ಎಲ್ಲಿ ಅಂತೀರಿ ಯಜಮಾನ್ರೇ?"

"ತೂಕದಾಗ. ಚೀಲ ಕಾಟಾಕ್ಕ ಇಡ್ತೀವಿ. ಒಂದ ಕ್ವಿಂಟಲ್ ಬರ್ತದ. ಧೂಳದ, ಹಸಿ ಅದ, ಚೀಲದ ತೂಕ ಅದ ಅಂತ ಏನರ ಒಂದು ಹೇಳಿ ಎರಡ ಕಿಲೋ ಹೊಡಿತಾರ. ಬರಕೊಳ್ಳಾದು ತೊಂಬತ್ತೆಂಟು." ಸ್ವಲ್ಪ ತಡೆದು ಕೇಳಿದರು, "ಇದಕ್ಕ ಇಂಗ್ಲಿಷಿನಾಗ ಏನಂತಾರ್ರಿ?"

ನಾನು ಬೋರ್ಡಿನ ಕಡೆ ತಿರುಗಿದೆ. ಹುಡುಗರು ನನಗಿಂತ ಮೊದಲೇ ಕೂಗಿದರು.